ಜೆನೋವಾದ ಊಟ-ತಿಂಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ಇಟಲಿಯ ಜೆನೋವಾದಲ್ಲಿ ನಾನು ಮೂರು ವರ್ಷ ಇದ್ದೆ. ಓದಲು, ಸಂಶೋಧನೆಗೆ, ಹಡಗಿನ ಕೆಲಸಕ್ಕೆ ಅಂತ ಆ ಊರಿಗೆ ಹೊರಟವರು ಈಗಲೂ ನನಗೆ ಫೋನ್ ಮಾಡುತ್ತಾರೆ. ಸುಮ್ನೆ ನಾಲ್ಕು ದಿನ ಸುತ್ತಾಡಿ ಬರೋಣ ಅನ್ನುವವರೂ ಮಾಡುತ್ತಾರೆ. ಮನೆ ಬಾಡಿಗೆ, ಚಳಿ ಬಟ್ಟೆಯ ವಿಷಯ ಎರಡು ಮಾತಿನಲ್ಲಿ ಮುಗಿಯುತ್ತದೆ. ಊಟದ ವಿಷಯಕ್ಕೆ ಬಂದರೆ ಗಂಟೆ ಸಾಲದು. ಅವರು ಕೇಳಿದ್ದನ್ನೂ ನಾನು ಹೇಳಿದ್ದನ್ನೂ ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ.

ಇಟಲಿ ಊಟ ಅಂದರೆ ಪಿಜ್ಜಾ, ಪಾಸ್ತಾ ಅಲ್ವಾ? ಜೆನೋವಾದಲ್ಲಿ ಬೇರೆ ಏನಿದೆ?

ಪಿಜ್ಜಾ ದಕ್ಷಿಣದ ನೇಪಲ್ಸ್ ಊರಿನದು. ಜೆನೋವಾ ಇರುವುದು ಉತ್ತರ ಇಟಲಿಯಲ್ಲಿ, ಲಿಗೂರಿಯಾ ಪ್ರಾಂತ್ಯದ ಕರಾವಳಿಯಲ್ಲಿ. ಮುಂದೆ ಸಮುದ್ರ, ಬೆನ್ನಿಗೇ ಬೆಟ್ಟ. ನಡುವೆ ಸಮತಟ್ಟಾದ ಜಾಗ ಅಂಗೈಯಷ್ಟು. ಹಸು ಮೇಯಿಸುವ ಹುಲ್ಲುಗಾವಲು ಕಡಿಮೆ, ಗೋಧಿ ಬೆಳೆಯುವ ಹೊಲವೂ ಕಡಿಮೆ. ಜನ ಬೆಟ್ಟವನ್ನೇ ಕಡಿದು, ಕಲ್ಲು ಜೋಡಿಸಿ ಕಟ್ಟೆ ಕಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ಆಲಿವ್ ಮರ, ದ್ರಾಕ್ಷಿ, ತರಕಾರಿ ಬೆಳೆದರು. ಹಾಗಾಗಿ ಮಿಲಾನ್ ಕಡೆ ಬೆಣ್ಣೆ ಹಾಕುವ ಜಾಗದಲ್ಲಿ ಇವರು ಆಲಿವ್ ಎಣ್ಣೆ ಹಾಕುತ್ತಾರೆ. ಸೊಪ್ಪು, ಕಡಲೆ ಹಿಟ್ಟು, ಎಣ್ಣೆ, ಸಣ್ಣ ಮೀನು. ಈ ನಾಲ್ಕರ ಮೇಲೆ ಜೆನೋವಾದ ಅಡುಗೆ ನಿಂತಿದೆ.

ನನಗೆ ಮೊದಮೊದಲು ಒಂದು ವಿಷಯ ಅರ್ಥವೇ ಆಗಲಿಲ್ಲ. ನೂರಾರು ವರ್ಷ ಮೆಣಸು, ಲವಂಗ, ದಾಲ್ಚಿನ್ನಿ ವ್ಯಾಪಾರ ಮಾಡಿ ಶ್ರೀಮಂತವಾದ ಬಂದರು ಇದು. ಆದರೆ ಅಡುಗೆಯಲ್ಲಿ ಮಸಾಲೆ ಹೆಸರಿಗೆ ಮಾತ್ರ. ಅಲ್ಲಿಯವರು ಇದಕ್ಕೆ ಕೊಡುವ ಕಾರಣ ನನಗೆ ಇಷ್ಟ. ನಾವಿಕರು ತಿಂಗಳುಗಟ್ಟಲೆ ಒಣ ಬಿಸ್ಕತ್ತು, ಉಪ್ಪು ಮೀನು ತಿಂದು, ಮಸಾಲೆ ಮೂಟೆಗಳ ವಾಸನೆ ಕುಡಿದು ಮನೆಗೆ ಬರುತ್ತಿದ್ದರು. ಬಂದ ಮೇಲೆ ಅವರಿಗೆ ಬೇಕಾಗಿದ್ದದ್ದು ಹಸಿರು. ಅದಕ್ಕೇ ತಮ್ಮದು 'ಮರಳಿ ಬಂದವರ ಅಡುಗೆ' ಅನ್ನುತ್ತಾರೆ.

ಪೆಸ್ತೊ ಅಂದರೆ ನಮ್ಮ ಚಟ್ನಿಯ ಹಾಗೇನಾ?

ನೋಡಲು ಹೌದು, ಪುದೀನ ಚಟ್ನಿಯ ಅಣ್ಣನ ಹಾಗಿರುತ್ತದೆ. ಆದರೆ ಹುಳಿ ಇಲ್ಲ, ಖಾರ ಇಲ್ಲ, ಒಗ್ಗರಣೆ ಇಲ್ಲ, ಒಲೆಯ ಮೇಲೆ ಇಡುವ ಮಾತೇ ಇಲ್ಲ. ಪೆಸ್ತೊ ಅಂದರೆ 'ಕುಟ್ಟಿದ್ದು' ಅಂತ ಅರ್ಥ. ಅದಕ್ಕೆ ಬೀಳುವುದು ಏಳು ಸಾಮಾನು: ಬೇಸಿಲ್ ಎಲೆ, ಬೆಳ್ಳುಳ್ಳಿ, ಪೈನ್ ಬೀಜ, ಕಲ್ಲುಪ್ಪು, ಪಾರ್ಮಿಜಾನೊ ಚೀಸ್, ಸಾರ್ದೀನಿಯಾ ದ್ವೀಪದ ಕುರಿ ಹಾಲಿನ ಚೀಸ್, ಲಿಗೂರಿಯಾದ ಆಲಿವ್ ಎಣ್ಣೆ.

ಅಳತೆ ಕೇಳುವವರಿಗೆ: ಐದಾರು ಜನಕ್ಕೆ, ಅಂದರೆ 600 ಗ್ರಾಂ ಪಾಸ್ತಾಕ್ಕೆ, ಎಲೆ 60ರಿಂದ 70 ಗ್ರಾಂ, ಪೈನ್ ಬೀಜ 30 ಗ್ರಾಂ, ಪಾರ್ಮಿಜಾನೊ 50 ಗ್ರಾಂ, ಕುರಿ ಚೀಸ್ 30 ಗ್ರಾಂ, ಬೆಳ್ಳುಳ್ಳಿ ಒಂದೋ ಎರಡೋ ಎಸಳು, ಎಣ್ಣೆ 60ರಿಂದ 80 ಮಿಲಿ. ಕಲ್ಲುಪ್ಪು ಎರಡು ಚಿಟಿಕೆಯಿಂದ ಶುರು ಮಾಡಿ. ಚೀಸ್‌ನಲ್ಲೇ ಉಪ್ಪು ಇರುತ್ತದೆ.

ಈಗಿನ ಪೆಸ್ತೊ ಮೊದಲು ಅಚ್ಚಿನಲ್ಲಿ ಬಂದದ್ದು 1863ರಲ್ಲಿ, ಜೊವಾನಿ ಬಾತ್ತಿಸ್ತಾ ರಾತ್ತೊ ಎಂಬವರ ಜೆನೋವಾ ಅಡುಗೆ ಪುಸ್ತಕದಲ್ಲಿ. ಆ ಪುಸ್ತಕದಲ್ಲಿ ಬೇಸಿಲ್ ಸಿಗದಿದ್ದರೆ ಮರುಗ, ಪಾರ್ಸ್ಲಿ ಹಾಕಿ ಅಂತ ಇದೆ. ಪಾರ್ಮಿಜಾನೊ ಜೊತೆ ಹಾಲೆಂಡ್ ಚೀಸ್ ಕೂಡ ಇದೆ. ಬಂದರು ಊರು ಅಲ್ವಾ, ಹಡಗಿನಲ್ಲಿ ಬಂದದ್ದು ಒರಳಿಗೂ ಬಂತು. ಹಾಗಾಗಿ 'ಇದೊಂದೇ ಸರಿಯಾದ ವಿಧಾನ' ಅಂತ ಯಾರಾದರೂ ಜಗಳಕ್ಕೆ ಬಂದರೆ ಈ ಪುಸ್ತಕ ನೆನಪಿಟ್ಟುಕೊಳ್ಳಿ.

ನಮ್ಮ ತುಳಸಿ ಹಾಕಿ ಪೆಸ್ತೊ ಮಾಡಬಹುದಾ?

ಬೇಡ. ಮನೆ ಮುಂದಿನ ತುಳಸಿ ಬೇರೆ ಗಿಡ, ಅದರ ಘಾಟು ಎಲ್ಲವನ್ನೂ ಮುಚ್ಚಿಬಿಡುತ್ತದೆ. ಬೇಸಿಲ್‌ಗೆ ನಮ್ಮಲ್ಲಿ ಹೆಸರಿದೆ, ಕಾಮಕಸ್ತೂರಿ. ಅದರ ಬೀಜ ನೆನೆಸಿ ಶರಬತ್ತಿಗೆ ಹಾಕುತ್ತೇವೆ, ಎಲೆಯನ್ನು ಹೂವಿನ ಜೊತೆ ಕಟ್ಟುತ್ತೇವೆ. ಜೆನೋವಾದ ಬೇಸಿಲ್ ಅದೇ ಜಾತಿಯದು, ತಳಿ ಬೇರೆ. ನಮ್ಮ ಕಾಮಕಸ್ತೂರಿಯ ವಾಸನೆ ಜೋರು. ಸೋಂಪಿನ ನೆನಪು ತರುತ್ತದೆ. ಅವರದು ಮೆದು. ಪುದೀನದ ವಾಸನೆ ಸ್ವಲ್ಪವೂ ಇರಬಾರದು ಅನ್ನುವುದು ಅವರ ಕಟ್ಟುನಿಟ್ಟು.

ಊರಿನ ಪಶ್ಚಿಮಕ್ಕಿರುವ ಪ್ರಾ ಎಂಬ ಬಡಾವಣೆಯ ಗಾಜಿನ ಮನೆಗಳಲ್ಲಿ ವರ್ಷವಿಡೀ ಬೇಸಿಲ್ ಬೆಳೆಯುತ್ತಾರೆ. ದೊಡ್ಡ ಗಿಡದಿಂದ ಎಲೆ ಕೀಳುವುದಿಲ್ಲ. ಎರಡು-ಮೂರು ಜೋಡಿ ಎಲೆ ಬಂದ ಕೂಡಲೇ ಎಳೆ ಗಿಡವನ್ನೇ ಬೇರುಸಮೇತ ಕಿತ್ತು, ಕೆಲವನ್ನು ಸೇರಿಸಿ ಹೂಗುಚ್ಛದ ಹಾಗೆ ಕಾಗದದಲ್ಲಿ ಸುತ್ತಿ ಮಾರುತ್ತಾರೆ. ಮೈಸೂರು ವೀಳ್ಯದೆಲೆಗೆ ಜಿಐ, ಅಂದರೆ ಭೌಗೋಳಿಕ ಗುರುತು ಇದೆಯಲ್ಲ, ಹಾಗೆಯೇ ಜೆನೋವಾ ಬೇಸಿಲ್‌ಗೆ 2005ರಲ್ಲಿ ಯುರೋಪಿನ ಒಕ್ಕೂಟದ ಮಾನ್ಯತೆ ಸಿಕ್ಕಿದೆ.

ಬೆಂಗಳೂರಿನಲ್ಲಿ ಮಾಡುವುದಾದರೆ ಸೂಪರ್ ಮಾರ್ಕೆಟ್‌ನ ಬೇಸಿಲ್ ತನ್ನಿ, ಚಿಕ್ಕ ಎಲೆ ಮಾತ್ರ ಆರಿಸಿ. ಕುಂಡದಲ್ಲಿ ಬೀಜ ಹಾಕಿದರೆ ಇನ್ನೂ ಚೆನ್ನ. ಹೂ ಬಿಡುವ ಮೊದಲೇ ಕೀಳಬೇಕು.

ಮಿಕ್ಸಿ ಸಾಕಾ, ಒರಳೇ ಬೇಕಾ?

ಜೆನೋವಾದ ಎಷ್ಟೋ ಮನೆಗಳಲ್ಲೂ ಈಗ ಮಿಕ್ಸಿಯೇ. ಆದರೆ ಒಂದು ಸಲವಾದರೂ ಒರಳಲ್ಲಿ ಮಾಡಿ ನೋಡಿ.

ನಮ್ಮ ಮಹಡಿಯಲ್ಲಿ ಒಬ್ಬ ವಯಸ್ಸಾದ ಅಜ್ಜಿ ಇದ್ದರು. ಅವರ ಒರಳು ಬಿಳಿ ಅಮೃತಶಿಲೆಯದು, ಅಂಚಿನಲ್ಲಿ ನಾಲ್ಕು ಕಿವಿ. ಗುಂಡು ಮರದ್ದು. ಮೊದಲು ಬೆಳ್ಳುಳ್ಳಿ, ಪೈನ್ ಬೀಜ ಅರೆದು ಬೆಣ್ಣೆಯ ಹಾಗೆ ಮಾಡಿದರು. ಆಮೇಲೆ ಎಲೆಯನ್ನು ಬಟ್ಟೆಯಲ್ಲಿ ಒತ್ತಿ ಒಣಗಿಸಿ ಹಾಕಿ, ಮೇಲೆ ಕಲ್ಲುಪ್ಪು ಉದುರಿಸಿದರು. ನಾನು ಮೇಲಿಂದ ಕುಟ್ಟಲು ಹೋದೆ. ಕೈ ಹಿಡಿದು ನಿಲ್ಲಿಸಿದರು. ಬಲಗೈಯಲ್ಲಿ ಗುಂಡನ್ನು ಒಂದು ಕಡೆ ತಿರುಗಿಸುತ್ತಾ, ಎಡಗೈಯಲ್ಲಿ ಕಿವಿ ಹಿಡಿದು ಒರಳನ್ನು ಇನ್ನೊಂದು ಕಡೆ ತಿರುಗಿಸಿದರು. ಎಲೆ ಜಜ್ಜಿ ಹೋಗಲಿಲ್ಲ, ಒರಳಿನ ಗೋಡೆಗೆ ಉಜ್ಜಿ ಹರಿಯಿತು. ಕಲ್ಲುಪ್ಪು ಹಲ್ಲಿನ ಕೆಲಸ ಮಾಡಿತು. ಹತ್ತು ನಿಮಿಷದಲ್ಲಿ ಬಣ್ಣ ಎಳೆ ಬಾಳೆ ಸುಳಿಯ ಹಸಿರಿಗೆ ಬಂತು. ಕೊನೆಗೆ ಚೀಸ್, ಆಮೇಲೆ ದಾರದಂತೆ ಎಣ್ಣೆ.

ಮಿಕ್ಸಿಯ ಬ್ಲೇಡು ಎಲೆಯನ್ನು ಕತ್ತರಿಸುತ್ತದೆ, ಜೊತೆಗೆ ಬಿಸಿ ಮಾಡುತ್ತದೆ. ಎರಡೂ ಸೇರಿ ಎಲೆ ಬೇಗ ಕಪ್ಪಾಗುತ್ತದೆ, ಕಹಿ ಬರುತ್ತದೆ. ಮಿಕ್ಸಿಯಲ್ಲೇ ಮಾಡುವುದಾದರೆ ಜಾರನ್ನು ಅರ್ಧ ಗಂಟೆ ಫ್ರೀಜರ್‌ನಲ್ಲಿಡಿ. ನಿಲ್ಲಿಸಿ ನಿಲ್ಲಿಸಿ, ಒಂದೊಂದು ಸೆಕೆಂಡು ತಿರುಗಿಸಿ.

ಒರಳಿನ ಪೆಸ್ತೊಗೆ ಜೆನೋವಾದಲ್ಲಿ ವಿಶ್ವ ಸ್ಪರ್ಧೆಯೇ ಇದೆ. 2007ರಲ್ಲಿ ಶುರುವಾಯಿತು. ಹಳೆಯ ಅರಮನೆ ಪಲಾತ್ಸೊ ದುಕಾಲೆಯಲ್ಲಿ ನೂರು ಜನ ಸಾಲಾಗಿ ನಿಂತು ಒಟ್ಟಿಗೆ ಅರೆಯುತ್ತಾರೆ. ಬೇರೆ ಬೇರೆ ದೇಶಗಳಿಂದಲೂ ಬರುತ್ತಾರೆ.

ಅಂಗಡಿಯ ಶೀಶೆ ಪೆಸ್ತೊ ಅದೇ ರುಚಿ ಕೊಡುತ್ತದಾ?

ಇಲ್ಲ. ಕೆಡದಿರಲಿ ಅಂತ ಬಿಸಿ ಮಾಡಿರುತ್ತಾರೆ. ಚೀಟಿ ಓದಿ. ಆಲಿವ್ ಬದಲು ಸೂರ್ಯಕಾಂತಿ ಎಣ್ಣೆ, ಪೈನ್ ಬೀಜದ ಬದಲು ಗೋಡಂಬಿ ಇರುವುದೇ ಜಾಸ್ತಿ. ಊರಿಗೆ ತರುವ ಆಸೆ ಇದ್ದರೆ ತಂಪಿನ ಪೆಟ್ಟಿಗೆಯಲ್ಲಿಟ್ಟು ಮಾರುವ ತಾಜಾ ಪೆಸ್ತೊ ಕೊಳ್ಳಿ. ಬಂದ ಎರಡು-ಮೂರು ದಿನದಲ್ಲಿ ಮುಗಿಸಿ. ಗೋಡಂಬಿ ತಪ್ಪು ಅಂತ ನಾನು ಹೇಳುವುದಿಲ್ಲ. ಮನೆಯಲ್ಲಿ ನಾನೂ ಹಾಕುತ್ತೇನೆ, ನಮ್ಮಲ್ಲಿ ಚಿಲ್ಗೋಜಾ ಅನ್ನುವ ಪೈನ್ ಬೀಜದ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ರುಚಿ ಸ್ವಲ್ಪ ಸಿಹಿಯಾಗುತ್ತದೆ, ಅಷ್ಟೇ.

ಪಾಸ್ತಾದಲ್ಲಿ ಆಲೂಗಡ್ಡೆ ಯಾಕೆ?

ಎಲ್ಲರೂ ಕೇಳುತ್ತಾರೆ. ಅನ್ನಕ್ಕೆ ಚಪಾತಿ ನೆಂಚಿಕೊಂಡ ಹಾಗೆ ಕಾಣುತ್ತದೆ. ಆದರೆ ಪೆಸ್ತೊ ಪಾಸ್ತಾಕ್ಕೆ ಆಲೂಗಡ್ಡೆ, ಹುರುಳಿಕಾಯಿ ಹಾಕುವುದು ಅಲ್ಲಿನ ಹಳೇ ಪದ್ಧತಿ. ಮೂರೂ ಒಂದೇ ಪಾತ್ರೆಯ ನೀರಿನಲ್ಲಿ ಬೇಯುತ್ತವೆ. ಆಲೂಗಡ್ಡೆ ಅಂಚಿನಲ್ಲಿ ಕರಗಿ ಪೆಸ್ತೊಗೆ ಅಂಟು ಕೊಡುತ್ತದೆ, ಎಣ್ಣೆ ಬೇರೆಯಾಗದೆ ಪಾಸ್ತಾಕ್ಕೆ ಹಿಡಿದು ಕೂರುತ್ತದೆ. ಬಸಿದ ನೀರನ್ನು ಒಂದು ಸೌಟು ಇಟ್ಟುಕೊಂಡು ಅದರಲ್ಲಿ ಪೆಸ್ತೊ ತೆಳು ಮಾಡಿ. ಒಲೆ ಆರಿಸಿದ ಮೇಲೆ ಕಲಸಿ.

ಪಾಸ್ತಾ ಯಾವುದು ಅಂದರೆ, ತ್ರೆನೆತ್ತೆ ಅಥವಾ ತ್ರೋಫಿಯೆ. ತ್ರೆನೆತ್ತೆ ಉದ್ದ, ಚಪ್ಪಟೆ. ತ್ರೋಫಿಯೆ ಅಂದರೆ ಮೈದಾ ಹಿಟ್ಟು, ನೀರು ಕಲಸಿ, ಚೂರು ಚೂರು ತೆಗೆದು ಅಂಗೈಯಲ್ಲಿ ಹೊಸೆದ ಗಿಡ್ಡ ಎಳೆ. ಶ್ಯಾವಿಗೆ ಹೊಸೆಯುವುದನ್ನು ನೋಡಿದವರಿಗೆ ಕೈ ತಾನೇ ಅರ್ಥ ಮಾಡಿಕೊಳ್ಳುತ್ತದೆ. ಬೆಟ್ಟದ ಊರುಗಳಲ್ಲಿ ಚೆಸ್ಟ್‌ನಟ್ ಹಿಟ್ಟು ಸೇರಿಸಿದ ಕಂದು ತ್ರೋಫಿಯೆ ಕೂಡ ಸಿಗುತ್ತದೆ, ಸ್ವಲ್ಪ ಸಿಹಿ.

ಫರಿನಾತಾ ಅಂದರೆ ಕಡಲೆ ಹಿಟ್ಟಿನ ದೋಸೆ ಅಂತಾರೆ. ನಿಜವಾ?

ಹಿಟ್ಟು ಅದೇ. ದೋಸೆ ಅಲ್ಲ. ನನ್ನನ್ನು ಕೇಳಿದರೆ ಜೆನೋವಾದ ನಿಜವಾದ ತಿಂಡಿ ಇದು. ಪೆಸ್ತೊ ಪ್ರಪಂಚಕ್ಕೆಲ್ಲ ಹೋಗಿದೆ, ಫರಿನಾತಾ ತಿನ್ನಲು ಆ ಗಲ್ಲಿಗೇ ಹೋಗಬೇಕು.

ಕಡಲೆ ಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ. ಇಷ್ಟೇ. ಒಂದು ಪಾಲು ಹಿಟ್ಟಿಗೆ ಮೂರು ಪಾಲು ನೀರು. ಮಜ್ಜಿಗೆಯಷ್ಟು ನೀರಾಗಿರುತ್ತದೆ, ನೋಡಿದರೆ ಇದು ಗಟ್ಟಿಯಾಗುವುದುಂಟೇ ಅನಿಸುತ್ತದೆ. ಕೆಲವು ಗಂಟೆ ನೆನೆಯಲು ಬಿಡುತ್ತಾರೆ. ಮೇಲೆ ಬಂದ ನೊರೆ ತೆಗೆಯುತ್ತಾರೆ. ಕಲಾಯಿ ಹಾಕಿದ ತಾಮ್ರದ ತಟ್ಟೆ ಇರುತ್ತದೆ, ಬಂಡಿಯ ಚಕ್ರದಷ್ಟು ಅಗಲ. ಅದರಲ್ಲಿ ಧಾರಾಳವಾಗಿ ಎಣ್ಣೆ ಸುರಿದು, ಮೇಲೆ ಹಿಟ್ಟು ಹೊಯ್ದು, ಸೌದೆ ಉರಿಯುವ ಒಲೆಯೊಳಗೆ ತಳ್ಳುತ್ತಾರೆ. ಮೇಲ್ಭಾಗ ಹೊನ್ನಿನ ಬಣ್ಣಕ್ಕೆ ಬಂದು ಅಲ್ಲಲ್ಲಿ ಸುಟ್ಟ ಚುಕ್ಕಿ ಬೀಳುತ್ತದೆ. ಒಳಗೆ ಗಿಣ್ಣಿನ ಹಾಗೆ ಮೆತ್ತಗಿರುತ್ತದೆ.

ಫರಿನಾತಾ ಅಂಗಡಿಗಳಿಗೆ ಜೆನೋವಾ ಮಾತಿನಲ್ಲಿ ಶಾಮಾದ್ದಾ ಅನ್ನುತ್ತಾರೆ, ಅಂದರೆ 'ಉರಿ'. ಬಾಗಿಲಲ್ಲೇ ಒಲೆ, ಗೋಡೆಗೆ ಬಿಳಿ ಟೈಲ್ಸ್, ಒಳಗೆ ನಾಲ್ಕು ಮೇಜು. ತಟ್ಟೆ ಹೊರಗೆ ಬಂದ ಕೂಡಲೇ ಉದ್ದ ಚಾಕುವಿನಲ್ಲಿ ಸರಸರ ಅಡ್ಡ-ಉದ್ದ ಕತ್ತರಿಸಿ ಕಾಗದದ ಮೇಲೆ ಇಟ್ಟು ಕೊಡುತ್ತಾರೆ. ಮೇಲೆ ಕರಿಮೆಣಸಿನ ಪುಡಿ. ಬೆರಳು ಸುಡುವಾಗಲೇ ತಿನ್ನಬೇಕು. ಆರಿದರೆ ಅರ್ಧ ರುಚಿ ಹೋಯಿತು.

ಹುಟ್ಟಿನ ಬಗ್ಗೆ ಒಂದು ಕಥೆ ಇದೆ. 1284ರಲ್ಲಿ ಮೆಲೋರಿಯಾ ಕದನದಲ್ಲಿ ಜೆನೋವಾದವರು ಪೀಸಾ ಊರಿನವರನ್ನು ಸೋಲಿಸಿದರು. ವಾಪಸು ಬರುವಾಗ ಬಿರುಗಾಳಿಗೆ ಹಡಗಿನ ಪೀಪಾಯಿಗಳು ಒಡೆದು ಕಡಲೆ ಹಿಟ್ಟು, ಎಣ್ಣೆ, ಉಪ್ಪು ನೀರು ಕಲಸಿಹೋಯಿತಂತೆ. ಬೇರೆ ತಿನ್ನಲು ಇರಲಿಲ್ಲ. ಬಿಸಿಲಿಗೆ ಒಣಗಿದ್ದನ್ನು ತಿಂದು ನೋಡಿದರೆ ಚೆನ್ನಾಗಿತ್ತಂತೆ. ಸೋತವರನ್ನು ಅಣಕಿಸಲು ಅದಕ್ಕೆ 'ಪೀಸಾದ ಚಿನ್ನ' ಅಂತ ಹೆಸರಿಟ್ಟರಂತೆ. ಕದನ ನಡೆದದ್ದು ನಿಜ. ಉಳಿದದ್ದು ಅಜ್ಜಿ ಕಥೆ, ಆದರೆ ಒಲೆ ಮುಂದೆ ಕಾಯುವಾಗ ಕೇಳಲು ಇದಕ್ಕಿಂತ ಒಳ್ಳೆ ಕಥೆ ಬೇಡ.

ಇದು ಎಲ್ಲೆಲ್ಲಿಗೆ ಹೋಗಿದೆ ಗೊತ್ತಾ? ಫ್ರಾನ್ಸಿನ ನೀಸ್‌ನಲ್ಲಿ ಸೊಕ್ಕಾ, ಪೀಸಾ ಕಡೆ ಚೆಚೀನಾ, ಜಿಬ್ರಾಲ್ಟರ್‌ನಲ್ಲಿ ಕಲೆಂತೀತಾ. ಜೆನೋವಾದಿಂದ ವಲಸೆ ಹೋದವರು ಅರ್ಜೆಂಟೀನಾ, ಉರುಗ್ವೆಗೂ ಒಯ್ದರು. ಅಲ್ಲಿ ಫೈನಾ ಅನ್ನುತ್ತಾರೆ, ಪಿಜ್ಜಾ ತುಂಡಿನ ಮೇಲೆ ಇಟ್ಟು ತಿನ್ನುತ್ತಾರೆ.

ಮನೆಯಲ್ಲಿ ಫರಿನಾತಾ ಮಾಡುವುದು ಹೇಗೆ?

ಓವನ್ ಬೇಕು. ತವಾದ ಮೇಲೆ ಮಾಡಿದರೆ ಕಡಲೆ ಹಿಟ್ಟಿನ ದೋಸೆಯೇ ಆಗುತ್ತದೆ. ಅದೂ ರುಚಿ, ಆದರೆ ಇದಲ್ಲ.

ಹಿಟ್ಟು 250 ಗ್ರಾಂ, ನೀರು 750 ಮಿಲಿ. ಮೊದಲು ಸ್ವಲ್ಪ ನೀರಿನಲ್ಲಿ ಗಂಟಿಲ್ಲದೆ ಕಲಸಿ, ಆಮೇಲೆ ಉಳಿದ ನೀರು ಹಾಕಿ. ಐದಾರು ಗಂಟೆ ಬಿಡಿ. ರಾತ್ರಿಯಿಡೀ ಬಿಡುವುದಾದರೆ ಫ್ರಿಜ್‌ನಲ್ಲಿಡಿ. ನಮ್ಮ ಸೆಖೆಗೆ ಹೊರಗಿಟ್ಟರೆ ಹುಳಿ ಬಂದುಬಿಡುತ್ತದೆ, ಇದಕ್ಕೆ ಹುಳಿ ಬರಬಾರದು. ನೊರೆ ತೆಗೆದು, ಒಂದೂವರೆ ಟೀ ಚಮಚ ಉಪ್ಪು ಸೇರಿಸಿ. ಓವನ್ ಅನ್ನು ಅದು ಹೋಗುವಷ್ಟು ಮೇಲಕ್ಕೆ, 250 ಡಿಗ್ರಿಗೆ ಇಡಿ. ಅಗಲವಾದ ತಟ್ಟೆಗೆ ಅರ್ಧ ಲೋಟಕ್ಕಿಂತ ಸ್ವಲ್ಪ ಕಡಿಮೆ ಎಣ್ಣೆ ಹಾಕಿ, ಹಿಟ್ಟು ಹೊಯ್ದು, ಮರದ ಚಮಚದಿಂದ ಮೆಲ್ಲಗೆ ತಿರುಗಿಸಿ. ಎಣ್ಣೆ ಮೇಲೆ ಗುಳ್ಳೆ ಗುಳ್ಳೆಯಾಗಿ ತೇಲಬೇಕು. ದಪ್ಪ ಅರ್ಧ ಸೆಂಟಿಮೀಟರ್ ಮೀರಬಾರದು. 20ರಿಂದ 25 ನಿಮಿಷ.

ಒಂದು ವಿಷಯ ಗಮನಿಸಿ. ಅವರ ಹಿಟ್ಟು ದೊಡ್ಡ ಬಿಳಿ ಕಾಬೂಲಿ ಕಡಲೆಯದು. ನಮ್ಮದು ಕಡಲೆ ಬೇಳೆಯದು. ನಮ್ಮ ಹಿಟ್ಟಿನಲ್ಲೂ ಬರುತ್ತದೆ, ಹಸಿ ವಾಸನೆ ಸ್ವಲ್ಪ ಜಾಸ್ತಿ ಇರುತ್ತದೆ. ಹೊತ್ತು ಬಿಟ್ಟು ನೆನೆಸಿದರೆ ಕಡಿಮೆಯಾಗುತ್ತದೆ. ಬಜ್ಜಿಗೆ ಸೋಡಾ ಹಾಕುವ ಅಭ್ಯಾಸದಲ್ಲಿ ಇಲ್ಲಿ ಕೈ ಹೋಗದಿರಲಿ.

ಕಡಲೆ ಹಿಟ್ಟಿನ ಬೇರೆ ತಿಂಡಿ ಇವೆಯಾ?

ಪಾನಿಸ್ಸಾ ಇದೆ. ಕಡಲೆ ಹಿಟ್ಟನ್ನು ನೀರಿನಲ್ಲಿ ಮುದ್ದೆಯ ಹಾಗೆ ತಿರುವಿ ತಿರುವಿ ಬೇಯಿಸಿ, ತಟ್ಟೆಗೆ ಹೊಯ್ದು ಆರಿಸಿ, ತುಂಡು ಮಾಡುತ್ತಾರೆ. ಅದನ್ನು ಕರಿದು ಕಾಗದದ ಪೊಟ್ಟಣದಲ್ಲಿ ಕೊಡುತ್ತಾರೆ. ಕರಿಯದೆ ಈರುಳ್ಳಿ ಹೂವು, ನಿಂಬೆರಸ, ಎಣ್ಣೆ ಹಾಕಿಯೂ ತಿನ್ನುತ್ತಾರೆ. ಸಂಜೆ ಮಳೆಗೆ ಬಿಸಿ ಪಾನಿಸ್ಸಾ ತಿಂದ ನಮ್ಮ ಮೈಸೂರಿನ ಗೆಳತಿ "ಇದಕ್ಕೊಂದು ಕಾಯಿ ಚಟ್ನಿ ಇದ್ದಿದ್ರೆ!" ಅಂದಿದ್ದಳು.

ಬೆಳಗ್ಗೆ ತಿಂಡಿಗೆ ಏನು ಸಿಗುತ್ತದೆ?

ಫೊಕಾಚಾ. ಇದು ಬ್ರೆಡ್ಡಿನ ಜಾತಿ, ಎರಡು ಬೆರಳಿಗಿಂತ ಕಡಿಮೆ ದಪ್ಪ. ಈಸ್ಟ್ ಹಾಕಿ ಉಬ್ಬಿದ ಹಿಟ್ಟನ್ನು ತಟ್ಟೆಯಲ್ಲಿ ಹರಡಿ, ಬೆರಳ ತುದಿಯಿಂದ ಒತ್ತಿ ಒತ್ತಿ ಗುಳಿ ಮಾಡುತ್ತಾರೆ. ಆ ಗುಳಿಗಳಿಗೆ ಉಪ್ಪುನೀರು, ಎಣ್ಣೆ ಸುರಿಯುತ್ತಾರೆ. ಬೆಂದಾಗ ನೀರು ಆವಿಯಾಗಿ, ಗುಳಿ ತೇವ ತೇವವಾಗಿ ಬೆಳ್ಳಗೆ ಉಳಿಯುತ್ತದೆ, ಸುತ್ತ ಗರಿಗರಿ. ತೂಕದ ಲೆಕ್ಕದಲ್ಲಿ ಮಾರುತ್ತಾರೆ. ಇಷ್ಟಗಲ ಅಂತ ಕೈಯಲ್ಲಿ ತೋರಿಸಿದರೆ ಸಾಕು.

ಅಲ್ಲಿಯವರು ಅದನ್ನು ಕ್ಯಾಪುಚಿನೊದಲ್ಲಿ ಅದ್ದಿ ತಿನ್ನುತ್ತಾರೆ. ಉಪ್ಪು, ಎಣ್ಣೆ ಇರುವುದನ್ನು ಕಾಫಿಯಲ್ಲಾ ಅಂತ ಮುಖ ಸಿಂಡರಿಸಬೇಡಿ. ಖಾರಾ ಬಿಸ್ಕತ್ತು ಕಾಫಿಗೆ ಅದ್ದಿದವರು ನಾವು, ಅಲ್ವಾ? ಇನ್ನೊಂದು ಗುಟ್ಟು: ತುಂಡನ್ನು ತಲೆಕೆಳಗು ಹಿಡಿದು ಕಚ್ಚಿ. ಉಪ್ಪು ನೇರ ನಾಲಿಗೆಗೆ ತಾಗುತ್ತದೆ.

ಊರಿಂದ ಪೂರ್ವಕ್ಕೆ ರೈಲಿನಲ್ಲಿ ಹೋದರೆ ರೆಕ್ಕೊ ಎಂಬ ಪುಟ್ಟ ಊರು ಸಿಗುತ್ತದೆ. ಅಲ್ಲಿನ ಚೀಸ್ ಫೊಕಾಚಾ ಹೆಸರಿಗೆ ಮಾತ್ರ ಫೊಕಾಚಾ, ಅದರಲ್ಲಿ ಈಸ್ಟ್ ಇಲ್ಲ. ಹೋಳಿಗೆ ಕಣಕಕ್ಕಿಂತ ತೆಳ್ಳಗೆ, ಆಚೆ ಬೆಳಕು ಕಾಣುವಷ್ಟು ಎಳೆದ ಎರಡು ಹಾಳೆ, ನಡುವೆ ಹುಳಿಹುಳಿ ಹಸಿ ಚೀಸ್. 2015ರಿಂದ ಯುರೋಪಿನ ಮಾನ್ಯತೆ ಇದಕ್ಕೂ ಇದೆ. ಆ ಒಂದು ತಿಂಡಿಗಾಗಿ ರೈಲು ಹತ್ತಿದರೂ ನಷ್ಟವಿಲ್ಲ.

ನಾವು ಸಸ್ಯಾಹಾರಿಗಳು. ಏನು ನೋಡಿಕೊಳ್ಳಬೇಕು?

ಇಟಲಿಯಲ್ಲಿ ಸಸ್ಯಾಹಾರಿಗಳಿಗೆ ಇಷ್ಟು ಸುಲಭವಾದ ಊರು ಕಡಿಮೆ. ಆದರೂ ನಾಲ್ಕು ಕಡೆ ಎಚ್ಚರ ಬೇಕು.

ಮುಖ್ಯವಾದದ್ದು ಚೀಸ್. ಪಾರ್ಮಿಜಾನೊ ಮಾಡುವಾಗ ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಪೆಸ್ತೊದ ಕುರಿ ಚೀಸ್‌ಗೂ ಪ್ರಾಣಿಯ ರೆನೆಟ್. ನಮ್ಮವರು ಬಹಳ ಮಂದಿಗೆ ಇದು ಗೊತ್ತೇ ಇರುವುದಿಲ್ಲ, ಗೊತ್ತಾದ ಮೇಲೆ ಬೇಜಾರು ಮಾಡಿಕೊಳ್ಳುತ್ತಾರೆ. ತಿನ್ನುವುದು ಬಿಡುವುದು ನಿಮಗೆ ಬಿಟ್ಟದ್ದು. ಬೇಡ ಅನ್ನುವವರು ಪ್ಯಾಕೆಟ್ ಮೇಲೆ 'ಕಾಲ್ಯೊ ವೆಜೆತಾಲೆ' ಅಂತ ಇರುವ ಚೀಸ್ ಹುಡುಕಿ. ಗಿಡಮೂಲದ ರೆನೆಟ್ ಅಂತ ಅರ್ಥ.

ಎರಡನೆಯದು ಹಂದಿ ಕೊಬ್ಬು. ಫೊಕಾಚಾಕ್ಕೆ ಆಲಿವ್ ಎಣ್ಣೆಯೇ ಪದ್ಧತಿ, ಆದರೆ ಕೆಲವು ಬೇಕರಿಗಳಲ್ಲಿ ಹಿಟ್ಟಿಗೆ ಕೊಬ್ಬು ಹಾಕುವುದುಂಟು. "ಚೆ ಸ್ತ್ರುತ್ತೊ?" ಅಂತ ಕೇಳಿ, ಕೊಬ್ಬು ಇದೆಯಾ ಅಂತ. ಮೂರನೆಯದು ತುಂಬುಗಾಯಿ. ಸೋರೆಯಂಥ ಎಳೆ ಕಾಯಿ, ಬದನೆ, ಈರುಳ್ಳಿಗೆ ಹೂರಣ ತುಂಬಿ ಬೇಯಿಸುವುದು ಅಲ್ಲಿ ಬಹಳ. ನೋಡಲು ತರಕಾರಿ, ಒಳಗೆ ಕೆಲವೊಮ್ಮೆ ಮಾಂಸ. ಕೊನೆಯದು, ಕರಿದ ತಿಂಡಿಗೂ ಮೀನಿಗೂ ಒಂದೇ ಬಾಣಲೆ ಇರಬಹುದು. ಪಾನಿಸ್ಸಾ ತಿನ್ನುವ ಮೊದಲು ಕೇಳಿಕೊಳ್ಳಿ. ಫರಿನಾತಾಕ್ಕೆ ಈ ತೊಂದರೆ ಇಲ್ಲ. ಅದರಲ್ಲಿ ಹಾಲು, ಮೊಟ್ಟೆ, ಬೆಳ್ಳುಳ್ಳಿ ಏನೂ ಇಲ್ಲ. ಈರುಳ್ಳಿಯೋ ಸಣ್ಣ ಮೀನೋ ಉದುರಿಸಿದ ಬಗೆಯೂ ಇರುತ್ತದೆ, ಸಾದಾ ಕೊಡಿ ಅಂತ ಕೇಳಿ. ಈರುಳ್ಳಿ ಬೆಳ್ಳುಳ್ಳಿ ತಿನ್ನದ ನಮ್ಮ ಜೈನ ಸ್ನೇಹಿತರು ವಾರಕ್ಕೆ ಎರಡು ಸಲ ಅದನ್ನೇ ತಿನ್ನುತ್ತಿದ್ದರು.

ಊಟದ ಹೊತ್ತಿಗೆ ಸಸ್ಯಾಹಾರದಲ್ಲಿ ಯಾವುದು ಚೆನ್ನ?

ಪಾನ್ಸೋತಿ ಕೇಳಿ. ಹೆಸರಿನ ಅರ್ಥ 'ಹೊಟ್ಟೆಯುಳ್ಳದ್ದು'. ಕಡುಬಿನ ಹಾಗೆ ಮಡಿಸಿದ ಪಾಸ್ತಾ, ಒಳಗೆ ಬೆಟ್ಟದ ಕಾಡು ಸೊಪ್ಪುಗಳ ಬೆರಕೆ. ಆ ಬೆರಕೆಗೆ ಪ್ರೆಬುಜ್ಜುನ್ ಅಂತ ಹೆಸರು. ನಮ್ಮಲ್ಲಿ ಹೊಲದ ಬದುವಿನಿಂದ ಬೆರಕೆ ಸೊಪ್ಪು ಕಿತ್ತು ತಂದು ಮಸ್ಸೊಪ್ಪು ಮಾಡುತ್ತಾರಲ್ಲ, ಅದೇ ಕೈ, ಅದೇ ಕಣ್ಣು. ಸೊಪ್ಪಿನ ಜೊತೆ ಪ್ರೆಶಿನ್ಸೋವಾ ಇರುತ್ತದೆ. ಇದು ಗಟ್ಟಿ ಮೊಸರಿಗೂ ಹಸಿ ಚೀಸ್‌ಗೂ ನಡುವಿನದು, ಹುಳಿ ಇರುತ್ತದೆ, ಜೆನೋವಾ ಬಿಟ್ಟರೆ ಸಿಗುವುದು ಕಷ್ಟ. ಪಾನ್ಸೋತಿಗೆ ಪೆಸ್ತೊ ಹಾಕುವುದಿಲ್ಲ. ಅಕ್ರೋಟು, ಹಾಲಿನಲ್ಲಿ ನೆನೆಸಿದ ಬ್ರೆಡ್, ಚೂರು ಬೆಳ್ಳುಳ್ಳಿ, ಮರುಗ ಅರೆದ ಬಿಳಿ ಸಾಸ್ ಹಾಕುತ್ತಾರೆ. ಹೌದು, ನಾವು ಮಲ್ಲಿಗೆ ಜೊತೆ ದಂಡೆ ಕಟ್ಟುವ ಅದೇ ಮರುಗ. ಮೊದಲ ತುತ್ತಿಗೆ ನನಗೆ ಅಮ್ಮನ ಜಡೆ ನೆನಪಾಯಿತು. ಹೂರಣದಲ್ಲೋ ಪಾಸ್ತಾ ಹಿಟ್ಟಿನಲ್ಲೋ ಮೊಟ್ಟೆ ಇರುವುದು ಸಾಮಾನ್ಯ. ಮೊಟ್ಟೆ ತಿನ್ನದವರು ಕೇಳಿ ನೋಡಿ.

ಮಿನೆಸ್ತ್ರೋನೆ ಇನ್ನೊಂದು. ತರಕಾರಿ, ಕಾಳು, ಪಾಸ್ತಾ ಎಲ್ಲ ಹಾಕಿ ಮೆತ್ತಗಾಗುವವರೆಗೆ ಬೇಯಿಸಿ, ಕೊನೆಗೆ ಒಂದು ಚಮಚ ಪೆಸ್ತೊ. ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿ ಇರಬೇಕು. ಬೇಸಿಗೆಯಲ್ಲಿ ಆರಿಸಿ ತಿನ್ನುತ್ತಾರೆ, ಮರುದಿನ ಇನ್ನೂ ರುಚಿ.

ಈಸ್ಟರ್ ಹೊತ್ತಿಗೆ ಹೋದರೆ ತೋರ್ತಾ ಪಾಸ್ಕ್ವಲೀನಾ ಬಿಡಬೇಡಿ. ಹಾಳೆಯಂಥ ಹಿಟ್ಟಿನ ಪದರಗಳ ನಡುವೆ ಸೊಪ್ಪು, ಪ್ರೆಶಿನ್ಸೋವಾ, ಅದರಲ್ಲಿ ಗುಳಿ ಮಾಡಿ ಒಡೆದು ಹಾಕಿದ ಇಡೀ ಮೊಟ್ಟೆಗಳು. ಯೇಸುವಿನ ವಯಸ್ಸಿನ ಲೆಕ್ಕಕ್ಕೆ 33 ಪದರ ಇರಬೇಕು ಅನ್ನುವುದು ಹಳೆಯ ಮಾತು. ಈಗ ಅಷ್ಟು ಯಾರೂ ಲಟ್ಟಿಸುವುದಿಲ್ಲ.

ಮೀನು, ಮಾಂಸ ತಿನ್ನುವವರಿಗೆ?

ಮೀನು ಅಂದರೆ ಮೊದಲು ಆಂಚೊವಿ, ನಮ್ಮ ಕರಾವಳಿಯ ಕೊಲ್ಲತರು ಮೀನಿನ ಬಳಗ. ಹೂರಣ ತುಂಬಿ ಕರಿಯುತ್ತಾರೆ, ನಿಂಬೆರಸದಲ್ಲಿ ನೆನೆಸುತ್ತಾರೆ. ಅಚ್ಚರಿ ಅಂದರೆ ಸಮುದ್ರದ ದಂಡೆಯ ಈ ಊರಿನ ಇನ್ನೊಂದು ಪ್ರೀತಿಯ ಮೀನು ನಾರ್ವೆಯಿಂದ ಬರುವ ಒಣ ಕಾಡ್. ದಿನಗಟ್ಟಲೆ ನೆನೆಸಿ, ಆಲೂಗಡ್ಡೆ, ಆಲಿವ್, ಪೈನ್ ಬೀಜ, ಟೊಮೆಟೊ ಹಾಕಿ ಬೇಯಿಸುತ್ತಾರೆ. ಒಣ ಮೀನಿನ ಸಾರು ತಿಂದು ಬೆಳೆದವರಿಗೆ ಇದು ಬೇಗ ಒಗ್ಗುತ್ತದೆ.

ಹಬ್ಬಕ್ಕೆ ಕಪ್ಪೋನ್ ಮಾಗ್ರೊ ಮಾಡುತ್ತಾರೆ. ನಾವಿಕರ ಗಟ್ಟಿ ಬಿಸ್ಕತ್ತು ತಳಕ್ಕೆ, ಮೇಲೆ ಬೇಯಿಸಿದ ತರಕಾರಿ, ಮೀನು, ಹಸಿರು ಸಾಸ್ ಪದರ ಪದರವಾಗಿ ಗೋಪುರದ ಹಾಗೆ. ಮಾಂಸದಲ್ಲಿ ಚೀಮಾ ಹೆಸರಾದದ್ದು, ಕರುವಿನ ಮಾಂಸದ ಚೀಲಕ್ಕೆ ಹೂರಣ ತುಂಬಿ ಹೊಲಿದು ಬೇಯಿಸಿದ್ದು. ಗೋಮಾಂಸ ತಿನ್ನದವರು ರವಿಯೋಲಿ ಎಂಬ ಹೂರಣ ತುಂಬಿದ ಪಾಸ್ತಾ ಬಗ್ಗೆಯೂ ಕೇಳಿಕೊಳ್ಳಿ, ಒಳಗೂ ಸಾಸ್‌ನಲ್ಲೂ ಸಾಮಾನ್ಯವಾಗಿ ಅದೇ.

ಮೆನುವಿನಲ್ಲಿ 'ಜೆನೊವೇಸೆ' ಅಂತ ಇದ್ದರೆ ಪೆಸ್ತೊ ಅಂತಲೇ ಅರ್ಥವಾ?

ನೇಪಲ್ಸ್‌ನಲ್ಲಿ ಅಲ್ಲ! ಅಲ್ಲಿ ಜೆನೊವೇಸೆ ಅಂದರೆ ರಾಶಿ ಈರುಳ್ಳಿಯಲ್ಲಿ ಗಂಟೆಗಟ್ಟಲೆ ಬೇಯಿಸಿದ ದನದ ಮಾಂಸದ ಸಾಸ್. ಜೆನೋವಾದಲ್ಲಿ ಆ ಅಡುಗೆಯೇ ಇಲ್ಲ. ಸಸ್ಯಾಹಾರಿಗಳು ಮೋಸ ಹೋಗುವ ಜಾಗ ಇದು.

ಸಿಹಿ ಏನು?

ಕ್ರಿಸ್ಮಸ್‌ಗೆ ಪಾಂದೋಲ್ಚೆ. ಒಣದ್ರಾಕ್ಷಿ, ಸಕ್ಕರೆ ಪಾಕದ ಹಣ್ಣು, ಪೈನ್ ಬೀಜ ತುಂಬಿದ ಗುಂಡನೆಯ ರೊಟ್ಟಿ. ಹಳೆಯ ಮನೆಗಳಲ್ಲಿ ಅದರ ಮೇಲೆ ಲಾರೆಲ್ ಎಲೆಯ ಚಿಗುರು ಸಿಕ್ಕಿಸುತ್ತಾರೆ. ಮನೆಯ ಅತಿ ಚಿಕ್ಕ ಮಗು ಅದನ್ನು ತೆಗೆಯಬೇಕು, ಹಿರಿಯರು ಕತ್ತರಿಸಬೇಕು. ಒಂದು ತುಂಡು ಬಾಗಿಲಿಗೆ ಬರುವ ಬಡವರಿಗೆ, ಇನ್ನೊಂದನ್ನು ಫೆಬ್ರುವರಿ 3ರ ಸಂತ ಬಿಯಾಜೊ ಹಬ್ಬಕ್ಕೆ ಎತ್ತಿಡುತ್ತಾರೆ. ಉಬ್ಬಿದ ಹಳೆಯ ಬಗೆ, ಚಪ್ಪಟೆಯ ಹೊಸ ಬಗೆ ಎರಡೂ ಸಿಗುತ್ತವೆ. ನನಗೆ ಚಪ್ಪಟೆಯದು ಇಷ್ಟ, ನಾನಖಟಾಯಿಯ ಹಾಗೆ ಉದುರುತ್ತದೆ. 1780ರಿಂದ ನಡೆಯುತ್ತಿರುವ ರೊಮನೆಂಗೊ ಮಿಠಾಯಿ ಅಂಗಡಿಯ ಗುಲಾಬಿ ಪಾಕ ಕೂಡ ನೋಡಿ. ಅಮ್ಮನಿಗೆ ತಂದುಕೊಟ್ಟೆ, ಗುಲ್ಕನ್ ಡಬ್ಬಿ ಪಕ್ಕ ಇಟ್ಟಿದ್ದಾರೆ.

ಒಂದೇ ದಿನ ಇದೆ. ಏನು ತಿನ್ನಲಿ, ಎಲ್ಲಿ?

ಬೆಳಗ್ಗೆ ಯಾವುದಾದರೂ ಬೇಕರಿ ಮುಂದೆ ಜನ ನಿಂತಿದ್ದರೆ ನೀವೂ ನಿಲ್ಲಿ, ಫೊಕಾಚಾ ತಗೊಳ್ಳಿ. ಹತ್ತು ಗಂಟೆಗೆ ಮೆರ್ಕಾತೊ ಓರಿಯೆಂತಾಲೆ ಮಾರುಕಟ್ಟೆಗೆ ಹೋಗಿ. ಹಳೆಯ ಮಠದ ಅಂಗಳದಲ್ಲಿ 1899ರಲ್ಲಿ ಶುರುವಾದದ್ದು. ಬೇಸಿಲ್ ಗುಚ್ಛಗಳನ್ನು ಬೇರುಸಮೇತ ನೋಡಲು ಅಲ್ಲಿಗೇ ಹೋಗಬೇಕು. ಮಧ್ಯಾಹ್ನ ಸಣ್ಣ ಹೋಟೆಲೊಂದರಲ್ಲಿ ಆಲೂಗಡ್ಡೆ, ಹುರುಳಿಕಾಯಿ ಹಾಕಿದ ಪೆಸ್ತೊ ಪಾಸ್ತಾ. ಸಂಜೆ ಹಳೆ ಬಂದರಿನ ಎದುರು ಸೊಟ್ಟೊರೀಪಾ ಅನ್ನುವ ಕಮಾನುಗಳ ಸಾಲಿಗೆ ಬನ್ನಿ. ಕರಿಯುವ ಅಂಗಡಿಗಳು ಅಲ್ಲಿವೆ, ಅದರ ಹಿಂದಿನ ಗಲ್ಲಿಗಳಲ್ಲಿ ಫರಿನಾತಾ ಒಲೆಗಳು. ಫರಿನಾತಾ ಮುಗಿದಿದೆ ಅಂದರೆ ವಾಪಸು ಹೋಗಬೇಡಿ. ಮುಂದಿನ ತಟ್ಟೆ ಎಷ್ಟು ಹೊತ್ತಿಗೆ ಅಂತ ಕೇಳಿ, ಅಲ್ಲೇ ಪಕ್ಕದಲ್ಲಿ ನಿಂತಿರಿ. ಮೊದಲ ತುಂಡು ಅಂಚಿನದು ಬೇಕು ಅಂತ ಹೇಳಿ, ಗರಿಗರಿ ಇರುವುದು ಅಲ್ಲೇ.